ಮಾರ್ಚ್ ಚಳಿಯಲ್ಲಿ ಮಿಶಿಗನ್ ಸರೋವರಕ್ಕೆ ಇಳಿಯುವುದು: ಹೋಗಿ ಬಂದವರು ಯಾರಾದರೂ ಇದ್ದೀರಾ?

#1 ಒಗ್ಗರಣೆ ಡಬ್ಬಿ (ಅರೋರಾ, ಇಲಿನಾಯ್)

ಎಲ್ಲರಿಗೂ ನಮಸ್ಕಾರ. ಒಂದು ಎಡವಟ್ಟು ಮಾಡಿಕೊಂಡಿದ್ದೇನೆ.

ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವಳ ಮಗಳಿಗೆ ಹದಿನೇಳು ವರ್ಷ. ಡೌನ್ ಸಿಂಡ್ರೋಮ್ ಇದೆ, ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನ. ಇಂಥವರಿಗಾಗಿ ಆಟ ನಡೆಸುವ ಸ್ಪೆಷಲ್ ಒಲಿಂಪಿಕ್ಸ್ ಶಿಕಾಗೋ ಸಂಸ್ಥೆಯಲ್ಲಿ ಬೌಲಿಂಗ್ ಆಡುತ್ತಾಳೆ. ಕ್ರಿಕೆಟ್ ಬೌಲಿಂಗ್ ಅಲ್ಲ, ಚೆಂಡು ಉರುಳಿಸಿ ಪಿನ್ ಬೀಳಿಸುವುದು. ಅದಕ್ಕೆ ದುಡ್ಡು ಕೂಡಿಸಲು ಮಾರ್ಚ್ ಶುರುವಿನಲ್ಲಿ ಒಂದು ಭಾನುವಾರ ನಾರ್ತ್ ಅವೆನ್ಯೂ ಬೀಚಿನಲ್ಲಿ ಪೋಲಾರ್ ಪ್ಲಂಜ್ ನಡೆಯುತ್ತದೆ. ಚಳಿಯಲ್ಲಿ ಸಾವಿರಾರು ಜನ ಸರೋವರಕ್ಕೆ ಇಳಿಯುತ್ತಾರೆ. ಪ್ರತಿಯೊಬ್ಬರೂ ತಮ್ಮ ಹೆಸರಲ್ಲಿ ಇಷ್ಟು ಅಂತ ದೇಣಿಗೆ ಎತ್ತಿರಬೇಕು.

ಮೊನ್ನೆ ಕಾಫಿ ಮಾಡಿಕೊಳ್ಳುತ್ತಾ "ನೀನೂ ಬರ್ತೀಯಾ?" ಅಂತ ಕೇಳಿದಳು. ನಾನು ಸಕ್ಕರೆ ಹುಡುಕುತ್ತಿದ್ದೆ. ಹೂಂ ಅಂದುಬಿಟ್ಟೆ. ಸಂಜೆಯೊಳಗೆ ನನ್ನ ಹೆಸರು ತಂಡದ ಪಟ್ಟಿಯಲ್ಲಿತ್ತು, ಪಕ್ಕದಲ್ಲಿ "0 ಡಾಲರ್" ಅಂತ ಕೆಂಪು ಅಕ್ಷರದಲ್ಲಿ.

ನಾನು ಹಾಸನದವಳು. ನನಗೆ ಗೊತ್ತಿರುವ ಚಳಿ ಅಂದರೆ ಧನುರ್ಮಾಸದ ಬೆಳಗ್ಗೆ ಅಮ್ಮ ಬಚ್ಚಲ ಒಲೆ ಹಚ್ಚುವ ತನಕ ಕಂಬಳಿಯೊಳಗೆ ಇರುವುದು. ಹಂಡೆ ನೀರು ಕಾಯದೆ ಇವತ್ತಿಗೂ ಒಂದು ಚೊಂಬು ಮೈಮೇಲೆ ಹಾಕಿಕೊಂಡವಳಲ್ಲ. ಈಗ ಏಳು ವಾರ ಉಳಿದಿದೆ.

ಏನು ಹಾಕಿಕೊಳ್ಳಬೇಕು? ಎಷ್ಟು ಹೊತ್ತು ನೀರಲ್ಲಿರಬೇಕು? ತಲೆ ಮುಳುಗಿಸಲೇಬೇಕಾ? ಅಮ್ಮನಿಗೆ ಫೋನಲ್ಲಿ ಹೇಳಿದರೆ, "ದುಡ್ಡು ಕೊಟ್ಟು ಮನೆಗೆ ಬಾ, ನೀರಿಗೆ ಯಾಕೆ ಬೀಳ್ತೀಯ? ನೆಗಡಿ ಆದ್ರೆ ಅಲ್ಲಿ ಕಷಾಯ ಮಾಡಿ ಕೊಡೋರು ಯಾರು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

#2 ಎರಡು ಇಡ್ಲಿ ಒಂದು ವಡೆ (ಶಿಕಾಗೋ)

ಮೇಡಂ, ಸ್ವಾಗತ. ನಾನು ನಾಲ್ಕು ಸಲ ಇಳಿದಿದ್ದೇನೆ. ಮೊದಲ ಸಲ ಏನೂ ಗೊತ್ತಿಲ್ಲದೆ ಬರಿಗಾಲಲ್ಲಿ ಹೋಗಿ ಒಂದು ವಾರ ಕುಂಟಿದೆ. ಅದಕ್ಕೇ ಮೊದಲು ಕಾಲಿನ ವಿಷಯ.

ಹಳೇ ಶೂ ಹಾಕಿಕೊಳ್ಳಿ. ಲೇಸ್ ಬಿಗಿಯಾಗಿ ಕಟ್ಟಿ. ಚಪ್ಪಲಿ ಬೇಡ, ನೀರು ಎಳೆದುಕೊಂಡು ಹೋಗುತ್ತದೆ. ಅಲ್ಲಿಯ ಮರಳು ನಮ್ಮ ಮಲ್ಪೆ ಮರಳಿನ ಹಾಗೆ ಮೆತ್ತಗಿರುವುದಿಲ್ಲ. ಚಳಿಗೆ ಗಟ್ಟಿಯಾಗಿ ಸಿಮೆಂಟ್ ಗಾರೆ ನೆಲದ ಹಾಗಿರುತ್ತದೆ. ನಡುವೆ ಮಂಜುಗಡ್ಡೆ ಚೂರು, ಒಡೆದ ಗಾಜಿನಷ್ಟು ಚೂಪು.

ಬಟ್ಟೆ: ಈಜುಡುಗೆಯ ಮೇಲೆ ಬೇಗ ಬಿಚ್ಚಬಹುದಾದ ಏನಾದರೂ ಒಂದು. ಹತ್ತಿ ಬಟ್ಟೆ ನೀರು ಕುಡಿದು ಮೈಗೆ ಅಂಟುತ್ತದೆ, ಬಿಚ್ಚುವುದು ನರಕ. ಗುಂಡಿ ಬೇಡ, ಜಿಪ್ ಬೇಡ, ಲಾಡಿಯಂತೂ ಬೇಡವೇ ಬೇಡ. ಹೊರಗೆ ಬಂದಾಗ ಬೆರಳು ನಿಮ್ಮ ಮಾತು ಕೇಳುವುದಿಲ್ಲ. ಆಮೇಲೆ ಹಾಕಿಕೊಳ್ಳುವ ಬಟ್ಟೆಯನ್ನು ಹಾಕಿಕೊಳ್ಳುವ ಕ್ರಮದಲ್ಲೇ ಬ್ಯಾಗಿನಲ್ಲಿ ಜೋಡಿಸಿ, ಮೊದಲು ಬೇಕಾದದ್ದು ಮೇಲೆ.

ಎಲ್ಲಕ್ಕಿಂತ ಮುಖ್ಯ: ಟವಲ್ ಹಿಡಿಯುವವರು ಒಬ್ಬರು ಬೇಕು. ನೀರಿಗೆ ಇಳಿಯದವರು, ನಿಮ್ಮ ಕನ್ನಡಕ, ಕಾರಿನ ಕೀ, ಫೋನ್ ಎಲ್ಲ ಇಟ್ಟುಕೊಂಡು ದಡದಲ್ಲಿ ನಿಂತಿರುವವರು. ಈ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೆ ಗಾಳಿಯಲ್ಲಿ ಅರ್ಧ ಗಂಟೆ ನಿಲ್ಲುವವರು ಅವರೇ. ನನ್ನ ಹೆಂಡತಿ ಮೂರು ವರ್ಷ ಈ ಕೆಲಸ ಮಾಡಿ ನಾಲ್ಕನೇ ವರ್ಷ "ನಾನು ಇಳೀತೀನಿ, ನೀವು ಹಿಡೀರಿ" ಅಂದಳು. ಹಿಡಿದೆ. ಇಳಿಯುವುದೇ ವಾಸಿ.

ನೀರಲ್ಲಿ ಇರುವುದು ಹೆಚ್ಚೆಂದರೆ ಒಂದು ನಿಮಿಷ. ತಂಡ ತಂಡವಾಗಿ ಬಿಡುತ್ತಾರೆ. ಎರಡೂ ಕಡೆ ಮುಳುಗುಗಾರರು ತಮ್ಮ ಸೂಟ್ ಹಾಕಿಕೊಂಡು ಎದೆಮಟ್ಟದ ನೀರಲ್ಲಿ ನಿಂತಿರುತ್ತಾರೆ, ಅವರನ್ನು ದಾಟಿ ಹೋಗಲು ಬಿಡುವುದಿಲ್ಲ. ತಲೆ ಮುಳುಗಿಸಲೇಬೇಕು ಅಂತ ಯಾರೂ ಹೇಳುವುದಿಲ್ಲ. ಸೊಂಟದವರೆಗೆ ಹೋಗಿ ವಾಪಸ್ ಓಡಿ ಬಂದರೂ ಲೆಕ್ಕಕ್ಕೆ ಸೇರುತ್ತದೆ.

#3 ಚುರುಮುರಿ ಚಂದ್ರು (ಬೆಂಗಳೂರು)

ಕ್ಷಮಿಸಿ, ನಾನು ಅಮ್ಮನ ಪಕ್ಷ. ಒಳ್ಳೇ ಕೆಲಸಕ್ಕೆ ದುಡ್ಡು ಕೊಡಬೇಕು ಅಂದರೆ ಸುಮ್ನೆ ಕೊಟ್ಟರೆ ಆಯಿತಲ್ವಾ? ನಡುವೆ ಈ ಸರ್ಕಸ್ ಯಾಕೆ? ನೀವು ನೀರಿಗೆ ಬಿದ್ದರೆ ಆ ಮಗುವಿಗೆ ಏನು ಸಿಕ್ಕಿತು? ಟಿ-ಶರ್ಟ್, ಬಿಸಿ ಡೇರೆ, ಮುಳುಗುಗಾರರು, ಬ್ಯಾನರ್, ಇದಕ್ಕೆಲ್ಲ ಖರ್ಚಾಗುವ ದುಡ್ಡು ಎಲ್ಲಿಂದ ಬರುತ್ತದೆ? ದಾನ ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗಬಾರದು ಅನ್ನುತ್ತಿದ್ದರು ನಮ್ಮಜ್ಜ. ಇಲ್ಲಿ ಎರಡೂ ಕೈ ಮೇಲೆತ್ತಿ ಫೋಟೋ.

#4 ಹುಬ್ಬಳ್ಳಿ ಗಿರ್ಮಿಟ್

ಚಂದ್ರು ಅಣ್ಣಾ, ನಿಮ್ಮ ಅಜ್ಜಾರು ಗಣಪತಿ ಪೆಂಡಾಲಿಗೆ ಚಂದಾ ಕೊಟ್ಟಾಗ ಮೈಕಿನಾಗ ಹೆಸರು ಕೂಗ್ಸಿಲ್ಲೇನು?

#5 ಚುರುಮುರಿ ಚಂದ್ರು

ಕೂಗಿಸಿದ್ದಾರೆ. ಎರಡು ಸಲ. ಮೊದಲನೇ ಸಲ ಇನಿಷಿಯಲ್ ತಪ್ಪಾಗಿತ್ತು ಅಂತ.

ಆದರೂ ನನ್ನ ಪ್ರಶ್ನೆ ಪ್ರಶ್ನೆಯೇ.

#6 ಬಿಳಿ ಕೋಟು (ಮಿಲ್ವಾಕಿ)

ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವ ಡಾಕ್ಟರ್. ದಾನದ ಚರ್ಚೆ ನಿಮಗೇ ಬಿಡುತ್ತೇನೆ, ನೀರಿನ ವಿಷಯ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಎಲ್ಲರೂ ಹೆದರುವುದು ಮೈ ಪೂರ್ತಿ ತಣ್ಣಗಾಗಿ ಪ್ರಜ್ಞೆ ತಪ್ಪುವುದಕ್ಕೆ. ಅದು ಅಷ್ಟು ಬೇಗ ಆಗುವುದಿಲ್ಲ. ನಿಜವಾದ ಅಪಾಯ ಮೊದಲ ನಿಮಿಷದಲ್ಲಿ ಇರುತ್ತದೆ. ಚರ್ಮಕ್ಕೆ ಏಕಾಏಕಿ ಚಳಿ ತಾಗಿದ ತಕ್ಷಣ, ನೀವು ಬೇಡ ಅಂದರೂ, ಬಾಯಿ ತೆರೆದು ಒಂದು ದೊಡ್ಡ ಉಸಿರು ಒಳಗೆ ಹೋಗುತ್ತದೆ. ಆಮೇಲೆ ಏದುಸಿರು. ಎದೆಬಡಿತ ಏರುತ್ತದೆ, ಬಿಪಿ ಏರುತ್ತದೆ. ಆ ಮೊದಲ ಉಸಿರು ಎಳೆಯುವ ಹೊತ್ತಿಗೆ ತಲೆ ನೀರೊಳಗಿದ್ದರೆ ಗಾಳಿಯ ಬದಲು ನೀರು ಒಳಗೆ ಹೋಗುತ್ತದೆ. ಚೆನ್ನಾಗಿ ಈಜು ಬರುವವರೂ ದಡದ ಹತ್ತಿರವೇ ಮುಳುಗುವುದು ಹೀಗೆ.

ಆದ್ದರಿಂದ ಧುಮುಕಬೇಡಿ. ನಡೆದುಕೊಂಡು ಇಳಿಯಿರಿ. ಬಾಯಿಂದ ನಿಧಾನವಾಗಿ, ಉದ್ದಕ್ಕೆ ಉಸಿರು ಬಿಡಿ. ಉಸಿರು ಹದಕ್ಕೆ ಬಂದ ಮೇಲೆ ಬೇಕಾದರೆ ತಲೆ.

ಮನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ಪ್ರೊಫೆಸರ್ ಇದನ್ನು ನೆನಪಿಟ್ಟುಕೊಳ್ಳಲು 1-10-1 ಅಂತ ಒಂದು ಲೆಕ್ಕ ಹೇಳುತ್ತಾರೆ. ಕೊರೆಯುವ ನೀರಿಗೆ ಬಿದ್ದರೆ ಉಸಿರನ್ನು ಹತೋಟಿಗೆ ತರಲು 1 ನಿಮಿಷ, ಕೈಕಾಲು ಹೇಳಿದ ಮಾತು ಕೇಳುವುದು ಸುಮಾರು 10 ನಿಮಿಷ, ಪ್ರಜ್ಞೆ ತಪ್ಪುವುದಕ್ಕೆ ಹೆಚ್ಚುಕಮ್ಮಿ 1 ಗಂಟೆ. ನೀವು ಇರುವುದು ಆ ಮೊದಲ 1ರ ಒಳಗೇ. ಅಂದರೆ ಕಷ್ಟದ ಭಾಗ ಪೂರ್ತಿ ನಿಮ್ಮದೇ, ಅಭ್ಯಾಸ ಆಗುವ ಹೊತ್ತಿಗೆ ಹೊರಗೆ ಬಂದಿರುತ್ತೀರಿ.

ತಲೆ ಮುಳುಗಿಸುವುದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮೈಗೆ ಚಳಿ ತಾಗಿದರೆ ಹೃದಯ ಜೋರಾಗಿ ಬಡಿಯುತ್ತದೆ. ಮುಖ ತಣ್ಣೀರಲ್ಲಿ ಮುಳುಗಿ ಉಸಿರು ಹಿಡಿದರೆ ನಿಧಾನವಾಗುತ್ತದೆ. ಎರಡೂ ಒಟ್ಟಿಗೆ ಆದರೆ, ಒಂದೇ ಕಾರಿಗೆ ಇಬ್ಬರು ಡ್ರೈವರ್, ಒಬ್ಬ ಆಕ್ಸಿಲರೇಟರ್ ಮೇಲೆ, ಇನ್ನೊಬ್ಬ ಬ್ರೇಕ್ ಮೇಲೆ. ಬಡಿತದ ಲಯ ತಪ್ಪಬಹುದು. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ಈ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಆರೋಗ್ಯವಂತರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹೃದಯದ ತೊಂದರೆ ಇರುವವರಿಗೆ ಇದು ಆಟ ಅಲ್ಲ.

ಹೃದಯದ ಕಾಯಿಲೆ, ಹತೋಟಿಗೆ ಬಾರದ ಬಿಪಿ, ಆಸ್ತಮಾ, ಮೂರ್ಛೆ ರೋಗ ಇದ್ದವರು, ಬಸುರಿಯರು ಡಾಕ್ಟರ್ ಹತ್ತಿರ ಕೇಳದೆ ಇಳಿಯಲೇಬೇಡಿ. ನಮ್ಮ ಜನರಲ್ಲಿ ನಲವತ್ತು ದಾಟುವ ಮೊದಲೇ ಶುಗರ್, ಬಿಪಿ, ಹಾರ್ಟ್ ಎಲ್ಲ ಶುರುವಾಗುತ್ತದೆ. "ನನಗೇನೂ ಇಲ್ಲ" ಅನ್ನುವವರು ಕೊನೆಯ ಸಲ ಚೆಕ್ ಮಾಡಿಸಿದ್ದು ಯಾವಾಗ ಅಂತಲೂ ಹೇಳಿ.

ಇಳಿಯುವ ಮುಂಚೆ "ಮೈ ಬೆಚ್ಚಗಾಗಲಿ" ಅಂತ ಒಂದು ಪೆಗ್ ಹಾಕುವವರಿದ್ದಾರೆ. ಬೆಚ್ಚಗಾದ ಹಾಗೆ ಅನಿಸುವುದು ರಕ್ತ ಚರ್ಮಕ್ಕೆ ಬಂದು ನಿಮ್ಮ ಶಾಖವನ್ನು ಹೊರಗೆ ಕೊಡುತ್ತಿರುವುದರಿಂದ. ಬೇಡ.

ಅಮ್ಮನಿಗೆ ಹೇಳಿ: ನೆಗಡಿ ತರುವುದು ವೈರಸ್, ನೀರಲ್ಲ. ಒಪ್ಪುವುದಿಲ್ಲ, ನನ್ನಮ್ಮನೂ ಒಪ್ಪಿಲ್ಲ.

#7 ತುಂಗಾ ತೀರದವ (ತೀರ್ಥಹಳ್ಳಿ)

ಇದೆಲ್ಲ ನಮಗೆ ಹೊಸದೇನಲ್ಲ ಮಾರಾಯ್ರೇ. ನಮ್ಮೂರಲ್ಲಿ ಎಳ್ಳಮಾವಾಸ್ಯೆ ಜಾತ್ರೆಗೆ ಬೆಳಗಿನ ಜಾವ ತುಂಗೆಯ ರಾಮತೀರ್ಥದಲ್ಲಿ ಸಾವಿರಾರು ಜನ ಮುಳುಗು ಹಾಕುತ್ತಾರೆ. ಮಾಘಸ್ನಾನ ಒಂದು ತಿಂಗಳು ಬಿಡದೆ ಮಾಡುವವರಿದ್ದಾರೆ. ನನ್ನ ಅತ್ತೆಗೆ ಎಪ್ಪತ್ತೆಂಟು. ಸೆರಗು ಸಿಕ್ಕಿಸಿ ಮೂರು ಮುಳುಗು ಹಾಕಿ, ಒದ್ದೆ ಸೀರೆಯಲ್ಲೇ ದೇವಸ್ಥಾನಕ್ಕೆ ನಡೆದುಬಿಡುತ್ತಾರೆ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು.

#8 ಬಿಳಿ ಕೋಟು

ಸರ್, ನಿಮ್ಮ ಅತ್ತೆಗೆ ನಮಸ್ಕಾರ. ಆದರೆ ಗಾದೆ ಮಾಡಿದವರು ಮಿಶಿಗನ್ ನೋಡಿರಲಿಲ್ಲ. ತುಂಗೆ ಎಷ್ಟು ತಣ್ಣಗಿದ್ದರೂ ಅದರಲ್ಲಿ ಮೀನು ಹಿಡಿಯುತ್ತಾ ನಿಲ್ಲಬಹುದು. ಮಾರ್ಚ್ ಶುರುವಿನಲ್ಲಿ ಇಲ್ಲಿ ದಡದ ನೀರು ಸೊನ್ನೆಯಿಂದ ಸ್ವಲ್ಪವೇ ಮೇಲೆ, ಎರಡು ಮೂರು ಡಿಗ್ರಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಶಾಖ ಎಳೆದುಕೊಳ್ಳುತ್ತದೆ.

ಒಂದು ಮಾತು ಮಾತ್ರ ಒಪ್ಪುತ್ತೇನೆ. ದಿನಾ ತಣ್ಣೀರು ಸ್ನಾನ ಮಾಡುವವರಿಗೆ ಆ ಮೊದಲ ಉಸಿರಿನ ಆಘಾತ ಕಡಿಮೆಯಾಗುತ್ತದೆ. ಕೆಲವೇ ಸಲ ಮಾಡಿದರೂ ಮೈ ಕಲಿಯುತ್ತದೆ. ಒಗ್ಗರಣೆ ಮೇಡಂ, ಏಳು ವಾರ ಇದೆ. ಬಿಸಿನೀರಿನ ಸ್ನಾನದ ಕೊನೆಗೆ ಅರ್ಧ ನಿಮಿಷ ತಣ್ಣೀರು. ಹಂಡೆಯನ್ನು ಮರೆತುಬಿಡಿ.

#9 ಒಗ್ಗರಣೆ ಡಬ್ಬಿ

ಇವತ್ತು ಬೆಳಗ್ಗೆ ಅರ್ಧ ನಿಮಿಷ ಪ್ರಯತ್ನ ಮಾಡಿದೆ. ಒಂಬತ್ತು ಸೆಕೆಂಡ್ ಆಯಿತು. ಗಂಡ ಬಾಗಿಲು ತಟ್ಟಿ "ಬಿದ್ಯಾ?" ಅಂತ ಕೇಳಿದರು.

ದುಡ್ಡಿನ ಕಡೆ ಇನ್ನೂ ಸೊನ್ನೆ. ನಿಜ ಹೇಳಬೇಕೆಂದರೆ ನನಗೆ ನೀರಿಗಿಂತ ಅದೇ ಭಯ. ಜನರ ಹತ್ತಿರ ಕೈ ಚಾಚುವುದು ನಮ್ಮ ಮನೆಯಲ್ಲಿ ಕಲಿಸಿಯೇ ಇಲ್ಲ.

#10 ಕನಕಾಂಬರ (ಇಲಿನಾಯ್)

ನಾನು ಇಲ್ಲಿ ಓದುತ್ತೇನೆ, ಬರೆಯುವುದು ಕಡಿಮೆ. ಚಂದ್ರು ಅವರ ಪ್ರಶ್ನೆಗೆ ಉತ್ತರ ಹೇಳೋಣ ಅನಿಸಿತು. ನನ್ನ ಮಗನಿಗೆ ಇಪ್ಪತ್ತೊಂದು. ಅವನೂ ಸ್ಪೆಷಲ್ ಒಲಿಂಪಿಕ್ಸ್ ಕ್ರೀಡಾಪಟು. ಈಜುತ್ತಾನೆ.

ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಇದು ಪ್ಯಾರಾಲಿಂಪಿಕ್ಸ್ ಅಲ್ಲ. ಊರಿನ ನೆಂಟರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ. ಹೆಚ್ಚಾಗಿ ಕೈ, ಕಾಲು, ಕಣ್ಣಿನ ತೊಂದರೆ ಇದ್ದೂ ವಿಶ್ವಮಟ್ಟದಲ್ಲಿ ಸ್ಪರ್ಧಿಸುವವರ ಆಟ ಅದು. ಸ್ಪೆಷಲ್ ಒಲಿಂಪಿಕ್ಸ್ ಬುದ್ಧಿಯ ಬೆಳವಣಿಗೆಯಲ್ಲಿ ತೊಂದರೆ ಇರುವವರಿಗಾಗಿ. ಎಷ್ಟೇ ನಿಧಾನ ಇದ್ದರೂ ಸೇರಿಸಿಕೊಳ್ಳುತ್ತಾರೆ. ಎಂಟು ವರ್ಷದಿಂದ ಸ್ಪರ್ಧೆ, ವಯಸ್ಸಿನ ಮೇಲ್ಮಿತಿ ಇಲ್ಲ. ಇದು ಹುಟ್ಟಿದ್ದೂ ಶಿಕಾಗೋದಲ್ಲೇ. 1968ರ ಜುಲೈ 20ರಂದು ಸೋಲ್ಜರ್ ಫೀಲ್ಡ್ ಮೈದಾನದಲ್ಲಿ ಮೊದಲ ಕೂಟ ಆಯಿತು. ಇಲ್ಲಿಯ ಪಾರ್ಕ್ ಇಲಾಖೆಯಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಿದ್ದ ಆ್ಯನ್ ಬರ್ಕ್ ನಗರಮಟ್ಟದ ಒಂದು ಕೂಟ ಮಾಡೋಣ ಅಂತ ಹೊರಟರು. ಅಧ್ಯಕ್ಷ ಜಾನ್ ಕೆನಡಿಯ ತಂಗಿ ಯೂನಿಸ್ ಕೆನಡಿ ಶ್ರೈವರ್ ಅದನ್ನು ದೊಡ್ಡದು ಮಾಡಿದರು. ಬರ್ಕ್ ಮುಂದೆ ಲಾ ಓದಿ ಇಲಿನಾಯ್ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯೂ ಆದರು. ಸೋಲ್ಜರ್ ಫೀಲ್ಡ್ ಇರುವುದು ಇದೇ ಸರೋವರದ ದಂಡೆಯಲ್ಲಿ, ನೀವು ಇಳಿಯುವ ಬೀಚಿನಿಂದ ಕೆಲವು ಮೈಲಿ ದಕ್ಷಿಣಕ್ಕೆ.

ಚಂದ್ರು ಅವರೇ, ಇಲ್ಲಿ ಆಟ, ತರಬೇತಿ ಯಾವುದಕ್ಕೂ ಮನೆಯವರಿಂದ ಒಂದು ಕಾಸು ತೆಗೆದುಕೊಳ್ಳುವುದಿಲ್ಲ. ಕಣ್ಣು, ಹಲ್ಲು, ಕಿವಿ ತಪಾಸಣೆಯೂ ಪುಕ್ಕಟೆ. ಆ ದುಡ್ಡು ಎಲ್ಲಿಂದಲೋ ಬರಬೇಕಲ್ವಾ? ಖರ್ಚಿನ ಬಗ್ಗೆ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ, ಯಾವ ಸಂಸ್ಥೆಗೇ ಕೊಡಿ, ಲೆಕ್ಕಪತ್ರ ನೋಡಿ ಕೊಡಿ. ಅಮೆರಿಕದಲ್ಲಿ ಅದು ಸಾರ್ವಜನಿಕರಿಗೆ ಸಿಗುತ್ತದೆ.

ಆದರೆ "ಸುಮ್ನೆ ಕೊಟ್ಟರೆ ಆಯಿತಲ್ವಾ" ಅಂದಿರಲ್ಲ. ಸುಮ್ನೆ ಯಾರೂ ಕೊಡುವುದಿಲ್ಲ. ಬೇರೆ ಹೊತ್ತಲ್ಲಿ ನನ್ನ ಮಗನ ಬಗ್ಗೆ ಒಂದು ಮಾತು ಕೇಳದವರು, ಆಫೀಸಿನ ಯಾರೋ ನೀರಿಗೆ ಬೀಳುತ್ತಾರೆ ಅಂದರೆ "ಯಾಕೆ?" ಅಂತ ಕೇಳುತ್ತಾರೆ. ಆಗ ನನ್ನ ಮಗನ ಹೆಸರು ಬರುತ್ತದೆ. ನಮ್ಮ ಕನ್ನಡ ಕೂಟದ ಯುಗಾದಿ ಊಟಕ್ಕೆ ಆರು ವರ್ಷ ಅವನನ್ನು ಕರೆದುಕೊಂಡೇ ಹೋಗಿರಲಿಲ್ಲ. ಜನ ನೋಡುವ ರೀತಿ ನನಗೆ ಸಹಿಸಲು ಆಗುತ್ತಿರಲಿಲ್ಲ. ತಪ್ಪು ನನ್ನದೇ ಇರಬಹುದು. ಕೂಟದ ಮೂವರು ಹುಡುಗರು ಒಂದು ವರ್ಷ ಪ್ಲಂಜ್‌ಗೆ ಇಳಿದರು. ಮುಂದಿನ ಯುಗಾದಿಗೆ ಅವರೇ ಮನೆಗೆ ಬಂದು "ಆಂಟಿ, ಅವನನ್ನೂ ಕರ್ಕೊಂಡ್ ಬನ್ನಿ, ಪರಿಚಯ ಮಾಡ್ಕೋಬೇಕು" ಅಂದರು. ಮೆಡಲ್ ಹಾಕಿಕೊಂಡು ಬಂದ. ಹೋಳಿಗೆ ಬಡಿಸುವವರನ್ನೂ ನಿಲ್ಲಿಸಿ ತೋರಿಸಿದ. "ಮುಟ್ಟಿ ನೋಡಿ, ಭಾರ ಇದೆ" ಅನ್ನುವುದು ಅವನ ರೂಢಿ. ಎಲ್ಲರೂ ಮುಟ್ಟಿ ನೋಡಿದರು.

ಮತ್ತೊಂದು ಸಣ್ಣ ವಿಷಯ, ಈ ಗುಂಪಿನಲ್ಲಿ ಹಿಂದೆ ಯಾರೋ ಬರೆದಿದ್ದರು. "ಬುದ್ಧಿಮಾಂದ್ಯ ಮಕ್ಕಳು" ಅನ್ನಬೇಡಿ ದಯವಿಟ್ಟು. ಅವನಿಗೆ ಕನ್ನಡ ಅರ್ಥವಾಗುತ್ತದೆ.

#11 ಚುರುಮುರಿ ಚಂದ್ರು

ಅಕ್ಕಾ, ಓದಿದೆ. ಹೇಳಲು ಸದ್ಯಕ್ಕೆ ಏನೂ ಇಲ್ಲ.

#12 ಹತ್ತು ಸಾವಿರ ಕೆರೆ (ಮಿನಿಯಾಪೊಲಿಸ್)

ನಿಮ್ಮದು ಬೀಚು, ಪುಣ್ಯವಂತರು. ನಮ್ಮಲ್ಲಿ ಕೆರೆ ಪೂರ್ತಿ ಹೆಪ್ಪುಗಟ್ಟಿರುತ್ತದೆ. ಮರ ಕೊಯ್ಯುವ ಯಂತ್ರದ ಗರಗಸದಲ್ಲಿ ಮಂಜುಗಡ್ಡೆ ಕೊಯ್ದು ಚೌಕ ಬಾವಿ ಮಾಡುತ್ತಾರೆ. ಮೇಲೆ ನಿಂತು ಹಾರುವುದು, ಆಚೆ ಕಡೆ ಏಣಿ ಹಿಡಿದು ಹತ್ತುವುದು. ನೀರು ಕಪ್ಪಗೆ ಕಾಣುತ್ತದೆ. ಆ ಕಪ್ಪು ನೋಡಿದಾಗ ಊರಿನ ತೆರೆದ ಬಾವಿ ನೆನಪಾಗಿ ಕಾಲು ಹಿಂದಕ್ಕೆ ಬಂತು. ಹಿಂದೆ ನಿಂತಿದ್ದ ಪೊಲೀಸಪ್ಪ, ಅವನೂ ಚಡ್ಡಿಯಲ್ಲೇ ಇದ್ದ, "ಯೋಚನೆ ಮಾಡಿದಷ್ಟೂ ತಣ್ಣಗಾಗುತ್ತೆ" ಅಂದ. ಹಾರಿದೆ. ಪೊಲೀಸರು ಈ ಕೆಲಸದಲ್ಲಿ ಯಾಕಿದ್ದಾರೆ ಅಂದರೆ, ಸ್ಪೆಷಲ್ ಒಲಿಂಪಿಕ್ಸ್‌ಗೆ ದುಡ್ಡು ಎತ್ತುವ ಟಾರ್ಚ್ ರನ್ ಅಂತ ಅವರದೇ ಒಂದು ಓಟ ಇದೆ. ಬಹಳ ಊರಿನ ಪ್ಲಂಜ್‌ಗಳ ಹಿಂದೆ ಇರುವವರೂ ಅವರೇ.

ಒಂದು ಎಚ್ಚರಿಕೆ. ಇದನ್ನು ನೋಡಿ ಸ್ವಂತವಾಗಿ ಯಾರೂ ಹೆಪ್ಪುಗಟ್ಟಿದ ಕೆರೆ ಮೇಲೆ ಸಾಹಸ ಮಾಡಬೇಡಿ. ಬರೀ ನಡೆಯುವುದಕ್ಕೇ ಕನಿಷ್ಠ 4 ಇಂಚು ಗಟ್ಟಿ ಮಂಜುಗಡ್ಡೆ ಬೇಕು ಅಂತ ಇಲ್ಲಿಯ ಸರ್ಕಾರ ಹೇಳುತ್ತದೆ.

#13 ಓಕ್‌ವಿಲ್ ಒಬ್ಬಟ್ಟು (ಒಂಟಾರಿಯೋ)

ಕೆನಡಾದ ಪರವಾಗಿ ಒಂದು ಮಾತು. ವ್ಯಾಂಕೂವರಿನ ಇಂಗ್ಲಿಷ್ ಬೇಯಲ್ಲಿ ಹೊಸವರ್ಷದ ದಿನ ನೀರಿಗಿಳಿಯುವುದು 1920ರಿಂದ ಇದೆ. ಶುರು ಮಾಡಿದ್ದು ಪೀಟರ್ ಪ್ಯಾಂಟೇಜಸ್, ಗ್ರೀಸಿನಿಂದ ವಲಸೆ ಬಂದವರು, ಅಲ್ಲೇ ರೆಸ್ಟೋರೆಂಟ್ ನಡೆಸುತ್ತಿದ್ದರು. ಅಂದರೆ ಇಂಥ ಹುಚ್ಚಿಗೆ ಈ ದೇಶದಲ್ಲೇ ಹುಟ್ಟಿರಬೇಕು ಅಂತೇನಿಲ್ಲ.

ಓಕ್‌ವಿಲ್‌ನ ಕರೋನೇಶನ್ ಪಾರ್ಕಿನಲ್ಲಿ 1985ರಲ್ಲಿ ಶುರುವಾದ ಜನವರಿ 1ರ ಮುಳುಗು ವರ್ಲ್ಡ್ ವಿಷನ್ ಸಂಸ್ಥೆಗಾಗಿ ನಡೆಯುತ್ತಿತ್ತು. ಬೇರೆ ದೇಶದ ಹಳ್ಳಿಗಳಿಗೆ ಕುಡಿಯುವ ನೀರು. ನಾನು ಹೋದದ್ದು ಕೋವಿಡ್‌ಗೆ ಮುಂಚೆ. ನನ್ನ ತಪ್ಪು ಒಂದೇ. ಹೊರಗೆ ಬಂದವನೇ ಹತ್ತಿರದ ಜಿಮ್ಮಿಗೆ ಹೋಗಿ ಕುದಿಯುವ ಬಿಸಿನೀರಿನ ಕೆಳಗೆ ನಿಂತೆ. ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ.

#14 ಬಿಳಿ ಕೋಟು

ಓಕ್‌ವಿಲ್ ಸರ್ ಹೇಳಿದ್ದನ್ನು ಎಲ್ಲರೂ ಎರಡು ಸಲ ಓದಿ. ಚಳಿಗೆ ಚರ್ಮದ ರಕ್ತನಾಳ ಬಿಗಿದುಕೊಂಡಿರುತ್ತವೆ. ತಕ್ಷಣ ಬಿಸಿನೀರು ಬಿದ್ದರೆ ಎಲ್ಲ ಒಟ್ಟಿಗೆ ತೆರೆದುಕೊಂಡು ಬಿಪಿ ಇಳಿಯುತ್ತದೆ. ಮೇಲಾಗಿ ಹೊರಗೆ ಬಂದ ಮೇಲೂ ಸ್ವಲ್ಪ ಹೊತ್ತು ಮೈಯ ಒಳಗಿನ ಶಾಖ ಇಳಿಯುತ್ತಲೇ ಇರುತ್ತದೆ. ಮೊದಲು ಒದ್ದೆ ಬಟ್ಟೆ ತೆಗೆದು, ಒರೆಸಿ, ಪದರ ಪದರವಾಗಿ ಒಣ ಬಟ್ಟೆ, ತಲೆಗೆ ಉಣ್ಣೆ ಟೋಪಿ, ಕುಡಿಯಲು ಬಿಸಿ ಏನಾದರೂ. ನಡುಕ ಬಂದರೆ ಬರಲಿ. ನಡುಗುವುದೇ ಮೈ ತನ್ನ ಒಲೆ ಹಚ್ಚುವ ರೀತಿ.

#15 ಎರಡು ಇಡ್ಲಿ ಒಂದು ವಡೆ

ಒಗ್ಗರಣೆ ಮೇಡಂ, ದುಡ್ಡಿನ ವಿಷಯಕ್ಕೆ ಬರುತ್ತೇನೆ. ಎಲ್ಲರಿಗೂ ಒಂದೇ ವಾಟ್ಸ್ಯಾಪ್ ಸಂದೇಶ ಕಳಿಸಿದರೆ ಹೆಬ್ಬೆರಳು ಬರುತ್ತದೆ, ದುಡ್ಡು ಬರುವುದಿಲ್ಲ. ಒಬ್ಬೊಬ್ಬರಿಗೇ ಬರೆಯಿರಿ, ಹೆಸರು ಹಾಕಿ. ಮೊದಲ ದೇಣಿಗೆ ನೀವೇ ಹಾಕಿ, ಆ ಸೊನ್ನೆ ಹೋಗಲಿ. ಖಾಲಿ ತಟ್ಟೆಗೆ ಆರತಿ ದುಡ್ಡು ಯಾರೂ ಮೊದಲು ಹಾಕುವುದಿಲ್ಲ, ಪೂಜಾರಿಯೇ ಒಂದು ನೋಟು ಇಟ್ಟುಕೊಂಡು ಬರುತ್ತಾರೆ. ಆಮೇಲೆ, ನಿಮ್ಮ ಕಂಪನಿ ಉದ್ಯೋಗಿಗಳ ದೇಣಿಗೆಗೆ ಅಷ್ಟೇ ಸೇರಿಸಿ ಕೊಡುತ್ತದಾ ಅಂತ ಕೇಳಿ. ಬಹಳ ಕಡೆ ಕೊಡುತ್ತಾರೆ, ಅರ್ಜಿ ಹಾಕುವವರೇ ಇಲ್ಲ.

ಪಂದ್ಯ ಕಟ್ಟುವುದೂ ಆಗುತ್ತದೆ. ಇದೇ ಬೀಚಿನಲ್ಲಿ 2014ರಲ್ಲಿ ಆಗಿನ ಮೇಯರ್ ರಾಮ್ ಇಮ್ಯಾನ್ಯುಯೆಲ್ ಇಳಿದರು. ಊರಿನ ಮಕ್ಕಳು ಬೇಸಿಗೆ ರಜೆಯಲ್ಲಿ 20 ಲಕ್ಷ ಪುಸ್ತಕ ಓದಿದರೆ ಇಳಿಯುತ್ತೇನೆ ಅಂದಿದ್ದರು, ಮಕ್ಕಳು ಓದಿಬಿಟ್ಟರು. ಟಿವಿಯ ಜಿಮ್ಮಿ ಫ್ಯಾಲನ್‌ಗೆ "ನೀನೂ ಇಳಿದರೆ ನಿನ್ನ ಶೋಗೆ ಬರುತ್ತೇನೆ" ಅಂದರು. ಆತ ಸೂಟು, ಟೈ ಸಮೇತ ಇಳಿದ. ನೀವು ಸೀರೆಯಲ್ಲಿ ಇಳಿಯುತ್ತೇನೆ ಅಂತ ಹೇಳಿ ನೋಡಿ, ಡಬಲ್ ಬರುತ್ತದೆ. ಇಳಿಯಬೇಡಿ ಮಾತ್ರ, ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡರೆ ಅಪಾಯ.

#16 ಹುಬ್ಬಳ್ಳಿ ಗಿರ್ಮಿಟ್

ಊರಿಗೆ ಬಂದಾಕಿ ನೀರಿಗೆ ಬರದಂಗ ಇರ್ತಾಳೇನು? ಅಕ್ಕಾರ, ಲಿಂಕ್ ಹಾಕ್ರಿ.

*(ಆರು ವಾರದ ನಂತರ)*

#17 ಒಗ್ಗರಣೆ ಡಬ್ಬಿ

ಇಳಿದೆ. ಮನೆಗೆ ಬಂದು ಎರಡು ಗಂಟೆ ನಿದ್ದೆ ಮಾಡಿ ಎದ್ದು ಬರೆಯುತ್ತಿದ್ದೇನೆ.

ಬೆಳಗ್ಗೆ ಮೋಡ, ಗಾಳಿ. ಬೀಚಿನಲ್ಲಿ ನೀಲಿ ಬಿಳಿ ಬಣ್ಣದ ಹಡಗಿನಾಕಾರದ ಕಟ್ಟಡ ಇದೆ, ಬೇಸಿಗೆಯಲ್ಲಿ ಎಷ್ಟೋ ಸಲ ಅದರ ಮುಂದೆ ಐಸ್‌ಕ್ರೀಂ ತಿಂದಿದ್ದೇನೆ. ಇವತ್ತು ನೋಡಿದರೆ ಮುಳುಗುವ ಹಡಗಿನ ಹಾಗೇ ಕಂಡಿತು. ದಕ್ಷಿಣಕ್ಕೆ ಹ್ಯಾನ್‌ಕಾಕ್ ಕಟ್ಟಡದ ತುದಿ ಮೋಡದೊಳಗೆ. ಸುತ್ತ ಜನ ಎಂಥೆಂಥ ವೇಷದಲ್ಲಿ! ಒಬ್ಬ ಬಾಳೆಹಣ್ಣು, ಒಬ್ಬಳು ಮದುಮಗಳು, ಆರು ಜನ ಅಗ್ನಿಶಾಮಕದವರು ಬ್ಯಾಲೆ ಲಂಗದಲ್ಲಿ. ನಮ್ಮ ತಂಡಕ್ಕೆ ಬೌಲಿಂಗ್ ಪಿನ್ ಟೋಪಿ, ಸಹೋದ್ಯೋಗಿಯ ಮಗಳೇ ರಟ್ಟಿನಲ್ಲಿ ಮಾಡಿದ್ದು. ನನ್ನದರ ಮೇಲೆ ನನ್ನ ಹೆಸರನ್ನು ತಪ್ಪಾಗಿ ಬರೆದಿದ್ದಳು. ಸರಿ ಮಾಡಲು ನಾನು ಬಿಡಲಿಲ್ಲ.

ಸಾಲಿನಲ್ಲಿ ನಿಂತದ್ದೇ ಕಷ್ಟ. ಕೋಟು ಬಿಚ್ಚಿ ಗಂಡನ ಕೈಗೆ ಕೊಟ್ಟ ಮೇಲೆ ಇಪ್ಪತ್ತು ನಿಮಿಷ. ಮೊಣಕಾಲು ತಾನಾಗೇ ಕುಣಿಯುತ್ತಿತ್ತು. ಆಮೇಲೆ ಹಗ್ಗ ತೆಗೆದರು, ಎಲ್ಲರೂ ಕಿರುಚಿಕೊಂಡು ಓಡಿದರು, ನಾನೂ ಓಡಿದೆ.

ಪಾದ ಮುಳುಗಿದಾಗ ಚಳಿ ಅನಿಸಲಿಲ್ಲ. ಉರಿ ಅನಿಸಿತು, ಒಲೆ ಮೇಲಿನ ಹಂಚು ತುಳಿದ ಹಾಗೆ. ಸೊಂಟಕ್ಕೆ ಬಂದಾಗ ಡಾಕ್ಟರ್ ಸರ್ ಹೇಳಿದ ಆ ಉಸಿರು ಬಂತು. "ಹ್ಹಾ" ಅಂತ ಶಬ್ದ ಮಾಡಿದ್ದು ನಾನೇ ಅಂತ ಗೊತ್ತಾಗಲು ಒಂದು ಕ್ಷಣ ಬೇಕಾಯಿತು. ಮುಂದೆ ಇದ್ದ ಮುಳುಗುಗಾರ ನನ್ನ ಮುಖವನ್ನೇ ನೋಡುತ್ತಾ "ಊದು, ಊದು" ಅಂತ ಸನ್ನೆ ಮಾಡಿದ. ಊದಿದೆ. ಬಿಸಿ ಹಾಲು ಆರಿಸುವ ಹಾಗೆ ಊದಿದೆ. ನಾಲ್ಕನೆಯದಕ್ಕೋ ಐದನೆಯದಕ್ಕೋ ಉಸಿರು ಕೈಗೆ ಸಿಕ್ಕಿತು. ತಲೆ ಮುಳುಗಿಸಲಿಲ್ಲ. ಭುಜದವರೆಗೆ ಕೂತು ಎದ್ದೆ. ಆಗ ಅಮ್ಮ ತಲೆಗೆ ನೀರು ಹಾಕುವಾಗ ಹೇಳುತ್ತಿದ್ದ "ಗಂಗೇ ಚ ಯಮುನೇ ಚೈವ" ಬಾಯಿಗೆ ಬಂತು, ಅರ್ಧಕ್ಕೇ ಹಲ್ಲು ಕಟಕಟ ಅಂದು ನಿಂತಿತು. ಒಟ್ಟು ನಲವತ್ತು ಸೆಕೆಂಡ್ ಅಂತ ಗಂಡನ ಲೆಕ್ಕ.

ದಡದಲ್ಲಿ ಆ ಹುಡುಗಿ ಸಾಲಾಗಿ ಬಂದವರಿಗೆಲ್ಲ ಕೈಗೆ ಕೈ ತಟ್ಟುತ್ತಿದ್ದಳು. ನನ್ನದಕ್ಕೂ ತಟ್ಟಿದಳು. ನನಗೆ ತಟ್ಟಿದ್ದು ಕಂಡಿತು, ಕೈಗೆ ಗೊತ್ತಾಗಲಿಲ್ಲ. "ತಲೆ ಒದ್ದೆ ಆಗಿಲ್ಲ" ಅಂದಳು, ಸ್ವಲ್ಪ ಬೇಜಾರಿನಲ್ಲೇ. ಅವಳು ಹೋದ ವರ್ಷ ಪೂರ್ತಿ ಮುಳುಗಿದ್ದಳಂತೆ.

ಡೇರೆಯೊಳಗೆ ಬಟ್ಟೆ ಬದಲಿಸಲು ಹದಿನೈದು ನಿಮಿಷ ಹಿಡಿಯಿತು. ಇಡ್ಲಿ ಸರ್ ಹೇಳಿದ ಹಾಗೆ ಗುಂಡಿ, ಜಿಪ್ ಇಲ್ಲದ್ದೇ ಇಟ್ಟಿದ್ದೆ. ಆದರೆ ಕಾಲುಚೀಲದ ಬಗ್ಗೆ ಯೋಚಿಸಿರಲಿಲ್ಲ. ಒದ್ದೆ ಕಾಲಿಗೆ ಒಣ ಕಾಲುಚೀಲ ಏರಿಸುವುದು ಇಡೀ ದಿನದ ಅತಿ ಕಷ್ಟದ ಕೆಲಸ. ಪಕ್ಕದಲ್ಲಿದ್ದ ಮದುಮಗಳು ಎಳೆದು ಕೊಟ್ಟಳು. ಫ್ಲಾಸ್ಕಿನಲ್ಲಿ ಮೆಣಸಿನ ಸಾರು ತಂದಿದ್ದೆ. ಅವಳಿಗೂ ಒಂದು ಲೋಟ ಕೊಟ್ಟೆ. ಕುಡಿದು ಕಣ್ಣಲ್ಲಿ ನೀರು ಹಾಕಿಕೊಂಡು ಇನ್ನೊಂದು ಲೋಟ ಕೇಳಿದಳು.

ದುಡ್ಡು: 1,140 ಡಾಲರ್. ಕಂಪನಿಯದು ಸೇರುವುದು ಬಾಕಿ. ಒಬ್ಬೊಬ್ಬರಿಗೇ ಬರೆದೆ, ಮೂವತ್ತೆಂಟು ಜನಕ್ಕೆ. ಇಪ್ಪತ್ತಾರು ಜನ ಕೊಟ್ಟರು. ದೊಡ್ಡ ಮನೆ, ದೊಡ್ಡ ಕಾರು ಇರುವ ಒಬ್ಬರು ಬರೀ ಕೈಮುಗಿಯುವ ಚಿತ್ರ ಕಳಿಸಿದರು. ನಮ್ಮ ಅಪಾರ್ಟ್‌ಮೆಂಟಿನ ಹಿಮ ತೆಗೆಯುವ ತಾತ ಮಡಚಿದ ಇಪ್ಪತ್ತರ ನೋಟು ಕೈಗಿಟ್ಟು, ಅವರ ತಮ್ಮನ ಕಥೆಯನ್ನು ಮೆಟ್ಟಿಲ ಮೇಲೆ ಅರ್ಧ ಗಂಟೆ ಹೇಳಿದರು. ಐದು ವರ್ಷದಿಂದ ಅವರಿಗೆ ಬರೀ ಗುಡ್ ಮಾರ್ನಿಂಗ್ ಹೇಳುತ್ತಿದ್ದೆ.

ಅಮ್ಮ ಹಾಸನದಲ್ಲಿ ಮನೆ ಹತ್ತಿರದ ವಿಶೇಷ ಮಕ್ಕಳ ಶಾಲೆಗೆ 501 ರೂಪಾಯಿ ಕೊಟ್ಟು ರಸೀದಿಯ ಫೋಟೋ ಕಳಿಸಿದ್ದಾರೆ. ಕೆಳಗೆ "ನೀರಿಗೆ ಬೀಳದೆ ಕೊಟ್ಟಿದ್ದು" ಅಂತ ಬರೆದಿದ್ದಾರೆ.

#18 ಚುರುಮುರಿ ಚಂದ್ರು

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ನಮ್ಮ ಪಕ್ಷ ಗೆದ್ದಿದೆ.

#19 ಕನಕಾಂಬರ

ತಮಾಷೆ ಅಂದರೆ, ನೀವು ನೀರಿಗೆ ಬಿದ್ದದ್ದಕ್ಕೇ ಅವರು ಶಾಲೆಯ ಬಾಗಿಲವರೆಗೆ ಹೋದದ್ದು ಅಲ್ವಾ. ಮೆಣಸಿನ ಸಾರಿನ ಅಳತೆ ಹಾಕಿ ಮೇಡಂ.

#20 ಒಗ್ಗರಣೆ ಡಬ್ಬಿ

ಅಳತೆ ನಾಳೆ ಹಾಕುತ್ತೇನೆ. ಡಾಕ್ಟರ್ ಸರ್, ಒಂದು ಪ್ರಶ್ನೆ. ಎಲ್ಲ ಬೆರಳೂ ಸರಿಯಾದವು, ಎಡಗೈಯ ಎರಡು ಬೆರಳು ಮಾತ್ರ ಮೇಣದಬತ್ತಿಯ ಹಾಗೆ ಬೆಳ್ಳಗೆ ಆಗಿ ಮುಕ್ಕಾಲು ಗಂಟೆ ಹಾಗೇ ಇದ್ದವು. ಆಮೇಲೆ ನೀಲಿ, ಆಮೇಲೆ ಕೆಂಪು, ಜೋರು ಚುಚ್ಚು. ಈಗ ಸರಿ ಇದೆ. ಫ್ರಿಜ್ಜಿನಿಂದ ಮಟರ್ ಪ್ಯಾಕೆಟ್ ತೆಗೆಯುವಾಗಲೂ ಒಂದೊಂದು ಸಲ ಹೀಗೆ ಆಗುತ್ತದೆ, ನಾನು ಗಮನ ಕೊಟ್ಟಿರಲಿಲ್ಲ.

#21 ಬಿಳಿ ಕೋಟು

ಅದನ್ನು ತೋರಿಸಿಕೊಳ್ಳಿ. ಚಳಿಗೆ ಬೆರಳಿನ ರಕ್ತನಾಳ ಅತಿಯಾಗಿ ಬಿಗಿಯುವ ತೊಂದರೆ ಇರಬಹುದು, ರೇನಾಡ್ ಅಂತ ಹೆಸರು. ಹೆಂಗಸರಲ್ಲಿ ಜಾಸ್ತಿ. ಹೆಚ್ಚಿನವರಿಗೆ ಗ್ಲೌಸ್ ಹಾಕಿಕೊಂಡು ಜೋಪಾನವಾಗಿದ್ದರೆ ಸಾಕು. ಕೆಲವರಲ್ಲಿ ಮಾತ್ರ ಅದರ ಹಿಂದೆ ಬೇರೆ ಕಾಯಿಲೆ ಇರುತ್ತದೆ, ಅದಕ್ಕೇ ನೋಡಿಸಬೇಕು. ಅಲ್ಲಿಯವರೆಗೆ ತಣ್ಣೀರಿನ ಆಟ ಬೇಡ. ಬೆಳಗಿನ ಅರ್ಧ ನಿಮಿಷವೂ ಬೇಡ.

#22 ಒಗ್ಗರಣೆ ಡಬ್ಬಿ

ಸರಿ ಸರ್, ಗುರುವಾರಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಹಂಡೆ ನೀರಿಗೇ ವಾಪಸ್.

ಇಡ್ಲಿ ಸರ್, ಮುಂದಿನ ವರ್ಷ ನಿಮ್ಮ ತಂಡದಲ್ಲಿ ಟವಲ್ ಹಿಡಿಯುವ ಕೆಲಸ ಖಾಲಿ ಇದ್ದರೆ ನನಗೆ ಇಡಿ. ಸಾರಿನ ಫ್ಲಾಸ್ಕೂ ನಾನೇ ತರುತ್ತೇನೆ, ಈ ಸಲ ದೊಡ್ಡದು.